ಟೇಪಿನ ತುದಿ ಹಿಡಿದವರು

ನಮ್ಮೂರಿನ ಅರ್ಧಕ್ಕರ್ಧ ಗೋಡೆಗಳ ಹೊಟ್ಟೆಯೊಳಗೆ ಏನಿದೆ ಎಂದು ಬಲ್ಲ ಮನುಷ್ಯ ಒಬ್ಬನೇ ಒಬ್ಬ. ಆತ ವೈದ್ಯನಲ್ಲ, ಭವಿಷ್ಯ ಹೇಳುವವನೂ ಅಲ್ಲ, ಪ್ಲಂಬರ್. ಕೈಚೀಲದಲ್ಲಿ ರೆಂಚು, ಗರಗಸ, ಪೈಪು ಅಂಟಿಸುವ ಸಲ್ಯೂಶನ್ ಡಬ್ಬಿ. ಅಂಗಿಯ ಜೇಬಿನಲ್ಲಿ ಮಾತ್ರ, ಬೇರೆಯವರು ಪೆನ್ನು ಸಿಕ್ಕಿಸಿಕೊಳ್ಳುವ ಜಾಗದಲ್ಲಿ, ಒಂದು ಡಿಜಿಟಲ್ ಕ್ಯಾಮೆರಾ. ಹಾಗಾಗಿ ಅವನಿಗೆ ಫೋಟೋ ಪ್ಲಂಬರ್ ಎಂದೇ ಹೆಸರು. ಅಪ್ಪ ಅಮ್ಮ ಇಟ್ಟ ಹೆಸರು ಅವನ ಗುರುತಿನ ಚೀಟಿಗೆ ಬಿಟ್ಟರೆ ಇನ್ಯಾರಿಗೂ ಗೊತ್ತಿದ್ದಂತಿಲ್ಲ.

ಕ್ಯಾಮೆರಾ ಎಂದೊಡನೆ ಕುತ್ತಿಗೆಗೆ ನೇತುಹಾಕಿಕೊಳ್ಳುವ ಫಿರಂಗಿಯನ್ನು ನೆನೆಸಿಕೊಳ್ಳಬೇಡಿ. ಇದು ಸೋಪಿನ ಡಬ್ಬಿಯಷ್ಟಿದೆ. ಒಂದು ಕಾಲಕ್ಕೆ ಬೆಳ್ಳಿಯ ಬಣ್ಣದ್ದಾಗಿತ್ತು. ಈಗ ಸಿಮೆಂಟಿನ ಬಣ್ಣ. ಎರಡು ಪೆನ್ಸಿಲ್ ಸೆಲ್ಲು ಹಾಕಿದರೆ ಮೂಗನ್ನು ಝೀಂ ಎಂದು ಹೊರಗೆ ಚಾಚುತ್ತದೆ, ಒಂದು ಸಲ ಮಿಂಚುತ್ತದೆ, ಆಮೇಲೆ ಹದಿನೈದು ಸೆಕೆಂಡು ದಣಿವಾರಿಸಿಕೊಳ್ಳುತ್ತದೆ. ಸೆಲ್ಲಿನ ಬಾಗಿಲಿನ ಕೊಂಡಿ ಮುರಿದು ಎಷ್ಟೋ ವರ್ಷವಾಯಿತು. ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಪಟ್ಟಿಯೊಂದು ಅದನ್ನು ಅವುಚಿ ಹಿಡಿದುಕೊಂಡಿದೆ.

ಈ ರತ್ನ ಅವನ ಕೈಸೇರಿದ್ದು ನನ್ನಿಂದಲೇ. ನಾನು ನಲ್ಲಿ, ಪೈಪು, ವಾಶ್‌ಬೇಸಿನ್ನುಗಳ ವ್ಯಾಪಾರಿ. ನಲ್ಲಿ ಕಂಪನಿಯವರು ಒಂದು ವರ್ಷ, ಇಷ್ಟು ಪೆಟ್ಟಿಗೆ ಮಾರಿದವರಿಗೆ ಉಡುಗೊರೆ ಎಂದು ಮೂರು ವಸ್ತು ಕಳಿಸಿದರು: ಸೂಟ್‌ಕೇಸು, ಗೋಡೆ ಗಡಿಯಾರ, ಈ ಕ್ಯಾಮೆರಾ. ಸೂಟ್‌ಕೇಸನ್ನು ಮಗಳು ಎತ್ತಿಕೊಂಡಳು. ಗಡಿಯಾರವನ್ನು ತಮ್ಮ ಕೇಳದೆಯೇ ಒಯ್ದ. ಕ್ಯಾಮೆರಾದಲ್ಲಿ ನನ್ನ ಹೆಂಡತಿ ಒಂದೇ ಒಂದು ಫೋಟೋ ತೆಗೆಸಿಕೊಂಡು, ನೋಡಿ, "ಇದು ಮನುಷ್ಯರನ್ನ ದಪ್ಪ ಮಾಡತ್ತೆ, ಅಂಗಡೀಲೇ ಇಟ್ಕೊಳ್ಳಿ" ಎಂದಳು. ಅಂಗಡಿಯಲ್ಲಿ ಅದು ಎಂಟು ತಿಂಗಳು, ಪೈಪು ತಿರುಗಿಸುವ ಎಲ್ಬೋಗಳ ಡಬ್ಬದೊಳಗೆ ಮಲಗಿತ್ತು.

ಆ ದಿನಗಳಲ್ಲಿ ಪ್ಲಂಬರ್ ಒಂದು ನೋಟ್‌ಬುಕ್ಕಿನಲ್ಲಿ ಗೋಡೆಯೊಳಗಿನ ಪೈಪುಗಳ ಚಿತ್ರ ಬರೆಯುತ್ತಿದ್ದ. ಗಾರೆ ಮೆತ್ತಿ ಟೈಲ್ಸ್ ಕೂರಿಸಿದ ಮೇಲೆ ಪೈಪು ಎಲ್ಲಿ ಹೋಗಿದೆ ಎಂದು ಹಾಕಿದವನಿಗೂ ಮರೆತುಹೋಗುತ್ತದೆ. ಮುಂದೆ ಸೋರಿದರೆ ಇಡೀ ಗೋಡೆ ಒಡೆಯಬೇಕು. ಅದು ತಪ್ಪಲಿ ಎಂದು ಚಿತ್ರ. ಅವನ ಉದ್ದೇಶ ದೊಡ್ಡದು, ಕೈ ಮಾತ್ರ ಮಗ್ಗಿ ಬರೆಯುವ ಮಗುವಿನದು. ಅವನ ಶವರಿನ ಚಿತ್ರ ನೋಡಿ ನಾನೊಮ್ಮೆ, "ಈ ಹಾವಿನ ಹೆಡೆ ಯಾಕಯ್ಯ ಬಾತ್‌ರೂಮಲ್ಲಿ?" ಎಂದು ಕೇಳಿದ್ದೆ. ಅವನು ಎರಡು ದಿನ ನನ್ನ ಅಂಗಡಿಗೆ ಬರಲಿಲ್ಲ. ಎರಡು ದಿನ ಪ್ಲಂಬರ್ ಬರದಿದ್ದರೆ ಪೈಪಿನ ವ್ಯಾಪಾರಿಗೆ ಏನಾಗುತ್ತದೆಂದು ಪೈಪಿನ ವ್ಯಾಪಾರಿಗೇ ಗೊತ್ತು. ಮೂರನೆಯ ದಿನ ಕರೆದು ಕ್ಯಾಮೆರಾ ಕೊಟ್ಟೆ. ಇದನ್ನು ದಾನ ಎಂದು ತಿಳಿದು ನನ್ನ ಮರ್ಯಾದೆ ಕಳೆಯಬೇಡಿ. "ಇದು ನಿಂಗೆ. ಇನ್ಮೇಲೆ ಪೈಪು ಬೇರೆ ಅಂಗಡೀಲಿ ತಗೊಂಡ್ರೆ ನಂಗೆ ಫೋಟೋದಲ್ಲೇ ಗೊತ್ತಾಗತ್ತೆ" ಎಂದು ಹೇಳಿಯೇ ಕೊಟ್ಟದ್ದು.

ಸೆಲ್ಲು ಹಾಕಿದೊಡನೆ ಅದು ತಾರೀಕು ಕೇಳಿತು. ಪರದೆಯ ಮೇಲೆ ಎರಡು ಸಾವಿರದ ಒಂಬತ್ತು, ಜನವರಿ ಒಂದು ಎಂದಿತ್ತು. ಅಂಗಡಿಯಲ್ಲಿ ನಾಲ್ಕು ಗಿರಾಕಿ ನಿಂತಿದ್ದರು. ನಾನು ಸರಿ ಎಂಬ ಗುಂಡಿ ಒತ್ತಿ ಕೈತೊಳೆದುಕೊಂಡೆ. ಇಡೀ ಕಥೆಯಲ್ಲಿ ನನ್ನ ತಪ್ಪು ಇಷ್ಟೇ. ಚಿಕ್ಕ ತಪ್ಪು, ಆದರೆ ಅವತ್ತಿನಿಂದ ಅವನು ತೆಗೆದ ಪ್ರತಿ ಫೋಟೋದ ಮೂಲೆಯಲ್ಲೂ ಕಿತ್ತಳೆ ಬಣ್ಣದ ಅಂಕಿಗಳಲ್ಲಿ ಅದೇ ತಾರೀಕು ಬೀಳತೊಡಗಿತು. ಆಮೇಲೊಂದು ದಿನ ಮನಸ್ಸಾಕ್ಷಿ ಚುಚ್ಚಿ ಸರಿಪಡಿಸಿಯೂ ಕೊಟ್ಟೆ. ಸಂಜೆಯೊಳಗೆ ಅವನು ಏಣಿಯಿಂದ ಇಳಿಯುವಾಗ ಸೆಲ್ಲು ಜಾರಿಬಿದ್ದು, ಕ್ಯಾಮೆರಾ ಎಲ್ಲವನ್ನೂ ಮರೆತು ಮತ್ತೆ ಹೊಸವರ್ಷದ ಮೊದಲ ದಿನಕ್ಕೆ ಹೋಗಿ ಕೂತಿತು. ದಿನಕ್ಕೆ ಒಂದೆರಡು ಸಲ ಹೀಗೇ ಆಗುತ್ತಿತ್ತು, ಅವನೂ ಪ್ರತಿ ಸಲ ಸರಿ ಎಂದು ಒತ್ತಿಬಿಡುತ್ತಿದ್ದ. ಹಾಗಾಗಿ ಅವನ ಕ್ಯಾಮೆರಾದ ಪ್ರಕಾರ ಈ ಊರಿನ ನಾನೂರು ಬಾತ್‌ರೂಮುಗಳು, ಅವನ ಮಗಳ ಮದುವೆ, ಅವನ ಅತ್ತೆಯ ಕಣ್ಣಿನ ಆಪರೇಶನ್ನು, ಅವನ ಸ್ವಂತ ಮನೆಯ ಗೃಹಪ್ರವೇಶ ಎಲ್ಲವೂ ಒಂದೇ ದಿನ ನಡೆದುಹೋಗಿವೆ.

"ತಾರೀಕು ಕಟ್ಕೊಂಡು ಏನ್ ಮಾಡ್ಲಿ ಸಾವ್ಕಾರ್ರೇ? ಪೈಪ್‌ಗೆ ಹುಟ್ಟುಹಬ್ಬ ಮಾಡ್ಬೇಕಾ?" ಎನ್ನುತ್ತಿದ್ದ.

ಮೊಬೈಲು ಎಲ್ಲರ ಕೈಗೆ ಬಂದ ಮೇಲೂ ಇದನ್ನು ಬಿಡಲಿಲ್ಲ. ಕೇಳಿದರೆ, "ಗೋಡೆ ಮುಂದೆ ಮೊಬೈಲ್ ಹಿಡಿದ್ರೆ ಅದೇ ಹೊತ್ತಿಗೆ ಮನೆಯವಳ ಫೋನ್ ಬರತ್ತೆ. ಇದು ಪಾಪ, ಯಾರ ಹತ್ರಾನೂ ಮಾತಾಡಲ್ಲ" ಎನ್ನುವನು. ಒಮ್ಮೆ ಮಾತ್ರ ಅದೂ ಕೈಕೊಟ್ಟಿತು. ಗುಂಡಿ ಎಷ್ಟು ಒತ್ತಿದರೂ ಫೋಟೋ ಬರುತ್ತಿಲ್ಲವೆಂದು ಅಂಗಡಿಗೆ ಓಡಿಬಂದ. ಯಾವುದೋ ಚಕ್ರ ತಿರುಗಿ, ಎದುರಿನವರು ನಕ್ಕಾಗ ಮಾತ್ರ ಫೋಟೋ ತೆಗೆಯುವ ಏರ್ಪಾಡಿಗೆ ಹೋಗಿತ್ತು. ಮಹಾಶಯ ಮೂರು ಗಂಟೆ ಕಾಲ ಅದನ್ನು ಒಂದು ಫ್ಲಶ್ ಟ್ಯಾಂಕಿನ ಎದುರು ಹಿಡಿದು ನಿಂತಿದ್ದ.

ಅವನ ಕೆಲಸದ ಕ್ರಮವನ್ನು ಇಲ್ಲಿ ಹೇಳಿಬಿಡಬೇಕು. ಬರೀ ಪೈಪಿನ ಫೋಟೋ ತೆಗೆದರೆ ಪ್ರಯೋಜನವಿಲ್ಲ, ಅಳತೆ ಬೇಕು. ಬಾಗಿಲ ಚೌಕಟ್ಟಿನಿಂದ ಪೈಪಿನವರೆಗೆ ಅಳತೆಯ ಟೇಪು ಎಳೆದು, ಅಂಕಿ ಕಾಣುವಂತೆ ಫೋಟೋ ತೆಗೆಯಬೇಕು. ಒಂದು ಕೈಯಲ್ಲಿ ಟೇಪಿನ ಡಬ್ಬಿ, ಇನ್ನೊಂದರಲ್ಲಿ ಕ್ಯಾಮೆರಾ. ಹಾಗಾದರೆ ಟೇಪಿನ ತುದಿಯನ್ನು ಹಿಡಿಯುವವರು ಯಾರು? ಯಾರು ಕಣ್ಣಿಗೆ ಬೀಳುತ್ತಾರೋ ಅವರು. ಗಾರೆಯವನು, ಬಣ್ಣದವನು, ಮನೆಯ ಯಜಮಾನ, ಯಜಮಾನನ ಅತ್ತೆ, ಕಾಗದ ತಂದ ಅಂಚೆಯವನು. "ಸ್ವಲ್ಪ ತುದಿ ಹಿಡ್ಕೊಳ್ಳಿ" ಎಂದರೆ ಮುಗಿಯಿತು. ನಾನೂ ಏಳೆಂಟು ಸಲ ಹಿಡಿದಿದ್ದೇನೆ. ಹಾಗಾಗಿ ಅವನ ಪ್ರತಿ ಫೋಟೋದ ಎಡಗಡೆ ಯಾರದಾದರೂ ಒಂದು ಬೆರಳು ಇದ್ದೇ ಇರುತ್ತದೆ. ಬೆರಳಿನ ಹಿಂದೆ ಯಾರಿದ್ದರು ಎಂದು ಕೇಳಿದರೆ ಅವನಿಗೆ ಗೊತ್ತಿಲ್ಲ. ಅವನ ಕಣ್ಣಿಗೆ ಕಾಣುವುದು ಪೈಪು ಮತ್ತು ಅಂಕಿ. ಮನುಷ್ಯರೆಂದರೆ ಟೇಪಿನ ತುದಿಗೆ ಅಂಟಿಕೊಂಡಿರುವ ಒಂದು ಬಗೆಯ ಕ್ಲಿಪ್ಪು.

ಮನೆಯಲ್ಲಿ ಇದೇ ವಿಷಯಕ್ಕೆ ಜಗಳ. ಅವನ ಹೆಂಡತಿ ಅವನೊಡನೆ ನನ್ನ ಅಂಗಡಿಗೆ ಬಂದಾಗಲೆಲ್ಲ ಕ್ಯಾಮೆರಾ ಕೊಟ್ಟ ಪಾಪಕ್ಕೆ ನನಗೂ ಒಂದಿಷ್ಟು ಪಾಲು ಕೊಟ್ಟೇ ಹೋಗುತ್ತಾಳೆ.

"ಅಣ್ಣಾ, ಮಗಳ ಮದುವೇಲಿ ನಲವತ್ತು ಫೋಟೋ ತೆಗೆದಿದಾರೆ. ಹನ್ನೊಂದು ಛತ್ರದ ಕೈ ತೊಳೆಯೋ ಬೇಸಿನ್ ಕೆಳಗಿಂದು."

"ಸೋರ್ತಿತ್ತಲ್ಲ!" ಎಂದು ಅವನು.

"ಕಣ್ಣೀರು ನನ್ ಕಣ್ಣಲ್ಲೂ ಸೋರ್ತಿತ್ತು. ನಾನೂ ಗೋಡೆ ಒಳಗಿದ್ದಿದ್ರೆ ನನ್ನದೂ ಒಂದು ಫೋಟೋ ತೆಗೀತಿದ್ರೋ ಏನೋ."

"ನಮ್ಮ ಅಡುಗೆಮನೆ ಫೋಟೋದಲ್ಲಿ ನೀನೂ ಇದ್ದೀಯಲ್ಲೇ."

"ಟೇಪ್ ಹಿಡ್ಕೊಂಡು! ಅದರಲ್ಲೂ ಬರೀ ಹೆಬ್ಬೆರಳು!"

ಹೀಗೆ ಬೈದರೂ, ಒಂದು ಕಟ್ಟಡಕ್ಕೆ ಒಂದರಂತೆ ಅವನು ತುಂಬಿಸುತ್ತಿದ್ದ ಮೆಮೊರಿ ಕಾರ್ಡುಗಳನ್ನು ಜೋಪಾನ ಮಾಡುತ್ತಿದ್ದವಳು ಅವಳೇ. ತನ್ನ ಹಳೆಯ ಕನ್ನಡಕದ ಡಬ್ಬಿಯಲ್ಲಿ, ಪ್ರತಿಯೊಂದನ್ನೂ ಕಾಗದದ ಪೊಟ್ಟಣದಲ್ಲಿ ಸುತ್ತಿ, ಮೇಲೆ ಕಟ್ಟಡದ ಹೆಸರು ಬರೆದು ಇಟ್ಟಿದ್ದಾಳೆ. ಅವನ ಕೈಯಲ್ಲಿ ಇದ್ದಿದ್ದರೆ ಅವು ಇಷ್ಟು ಹೊತ್ತಿಗೆ ಯಾವುದಾದರೂ ಗೋಡೆಯೊಳಗೇ ಸೇರಿರುತ್ತಿದ್ದವು.

ಈಗ ಗಂಡಾಂತರದ ವಿಷಯಕ್ಕೆ ಬರುತ್ತೇನೆ.

ಪೇಟೆಯ ಆಚೆ ತುದಿಯಲ್ಲಿ ನಾಲ್ಕು ಮಹಡಿಯ ಒಂದು ಕಟ್ಟಡವಿದೆ. ಅದರ ಅಷ್ಟೂ ನೀರಿನ ಕೆಲಸ ಇವನದು, ಪೈಪು ನನ್ನವು. ಜನ ಬಂದು ಎರಡು ವರ್ಷವಾಗಿತ್ತು. ಅದರ ಪಕ್ಕದಲ್ಲೇ ಅದೇ ಬಿಲ್ಡರ್ ಇನ್ನೊಂದನ್ನು ಎಬ್ಬಿಸುತ್ತಿದ್ದ, ಅರವತ್ತು ಬಾತ್‌ರೂಮು. ಪ್ಲಂಬರ್‌ಗೆ ಎರಡು ವರ್ಷದ ಅನ್ನ. ಬಿಲ್ಡರ್ ಒಂದೇ ಷರತ್ತು ಹಾಕಿದ್ದ: ಮೊದಲ ಕಟ್ಟಡದ ನಿವಾಸಿಗಳ ಸಂಘದಿಂದ, ಕೆಲಸ ಚೆನ್ನಾಗಿದೆ ಎಂದು ಒಂದು ಪತ್ರ ತರಬೇಕು. ಪತ್ರಕ್ಕೆ ಸಹಿ ಹಾಕಬೇಕಾದವರು ಸಂಘದ ಕಾರ್ಯದರ್ಶಿಗಳು.

ಕಾರ್ಯದರ್ಶಿಗಳು ಯಾವುದೋ ಕಚೇರಿಯ ದಾಖಲೆ ವಿಭಾಗದಲ್ಲಿ ಮೂವತ್ತೈದು ವರ್ಷ ಧೂಳು ಕುಡಿದು ನಿವೃತ್ತರಾದವರು. ತಾರೀಕಿಲ್ಲದ ಕಾಗದ ಕಂಡರೆ ಅವರಿಗೆ ಮೈಮೇಲೆ ಹುಳ ಹರಿದಂತಾಗುತ್ತದೆ. ಹಾಲಿನವನಿಗೆ ಚೀಟಿ ಬರೆದರೂ ಮೇಲೆ ತಾರೀಕು, ಕೆಳಗೆ ಸಹಿ. ಬಲಗೈಯ ತೋರುಬೆರಳಿಗೆ ಹುಣಿಸೆಬೀಜದಷ್ಟು ದಪ್ಪದ ಹಸಿರು ಕಲ್ಲಿನ ಉಂಗುರ. ಮಾತಾಡುವಾಗ ಅದರಿಂದ ಮೇಜನ್ನು ಕುಟ್ಟುತ್ತಾರೆ, ಮೇಜಿಲ್ಲದಿದ್ದರೆ ಎದುರಿನವರ ಭುಜವನ್ನು.

ಸರಿಯಾಗಿ ಪತ್ರ ಕೇಳಬೇಕೆಂದಿದ್ದ ವಾರವೇ ಕಾರ್ಯದರ್ಶಿಗಳ ಬಾತ್‌ರೂಮಿನ ಕೆಳಗೆ, ಮೊದಲ ಮಹಡಿಯ ಟೀಚರಮ್ಮನ ಮನೆಯ ಚಾವಣಿಯಲ್ಲಿ ಒದ್ದೆ ಕಾಣಿಸಿಕೊಂಡಿತು. ಮೊದಲು ನಾಣ್ಯದಷ್ಟಿತ್ತು, ನಾಲ್ಕು ದಿನಕ್ಕೆ ತಟ್ಟೆಯಷ್ಟಾಯಿತು. "ನನ್ನ ಚಾವಣಿ ಮೇಲೆ ಒಂದು ಖಂಡ ಹುಟ್ತಾ ಇದೆ. ಮಕ್ಕಳಿಗೆ ಪಾಠ ಮಾಡಬಹುದು" ಎಂದು ಆಕೆ ಸಂಘಕ್ಕೆ ದೂರು ಕೊಟ್ಟರು.

ಕಾರ್ಯದರ್ಶಿಗಳು ತನಿಖೆ ಮಾಡಿ, ಅಂದರೆ ತಮ್ಮ ಬಾತ್‌ರೂಮಿನಲ್ಲಿ ಒಮ್ಮೆ ನಿಂತು ಹೊರಬಂದು, ತೀರ್ಪು ಕೊಟ್ಟರು: ಪ್ಲಂಬರ್ ಕಳಪೆ ಪೈಪು ಹಾಕಿದ್ದಾನೆ, ಸೇರಿಸಿದ ಜಾಗ ಬಿಟ್ಟುಕೊಂಡಿದೆ. ಇಡೀ ಗೋಡೆ ಒಡೆದು ಹೊಸದಾಗಿ ಮಾಡಿಕೊಡಬೇಕು, ಟೈಲ್ಸ್ ಸಮೇತ, ಅವನ ಖರ್ಚಿನಲ್ಲೇ. ಅಲ್ಲಿಯವರೆಗೆ ಪತ್ರದ ಮಾತೇ ಇಲ್ಲ. ಮೇಲಾಗಿ ವಿಷಯವನ್ನು ಬಿಲ್ಡರ್‌ಗೂ ತಿಳಿಸಲಾಗುವುದು. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಸಭೆ.

ಕಳಪೆ ಪೈಪು ಎಂಬ ಮಾತು ಬಂದಿದ್ದರಿಂದ ನಾನೂ ಹೋಗಬೇಕಾಯಿತು. ಇಲ್ಲದಿದ್ದರೆ ಭಾನುವಾರ ಬೆಳಿಗ್ಗೆ ಇನ್ನೊಬ್ಬರ ಬಾತ್‌ರೂಮಿನ ಚಿಂತೆ ನನಗೇಕೆ?

ಕಟ್ಟಡದ ಕೆಳಗೆ, ಕಾರು ನಿಲ್ಲಿಸುವ ಜಾಗದಲ್ಲಿ, ಒಂದು ಮೇಜು, ಪ್ಲಾಸ್ಟಿಕ್ ಕುರ್ಚಿಗಳನ್ನು ಹಾಕಿದ್ದರು. ಹದಿನೈದು ಇಪ್ಪತ್ತು ಜನ. ಪ್ಲಂಬರ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಆ ಅಂಗಿಯಲ್ಲಿ ಅವನು ತಾನೇ ತಪ್ಪಿತಸ್ಥ ಎಂದು ಒಪ್ಪಿಕೊಂಡವನಂತೆ ಕಾಣುತ್ತಿದ್ದ. ಜೊತೆಗೆ ಹೆಂಡತಿ, ಅವಳ ಕೈಯಲ್ಲಿ ಕನ್ನಡಕದ ಡಬ್ಬಿ.

"ಗೋಡೆ ಒಡೀಬೇಡಿ ಸರ್" ಎಂದ ಅವನು. "ಪೈಪು ಎಲ್ಲೆಲ್ಲಿ ಹೋಗಿದೆ ಅಂತ ಫೋಟೋ ಇದೆ. ನೋಡ್ಕೊಂಡು ಒಂದೇ ಒಂದು ಟೈಲ್ಸ್ ತೆಗೆದ್ರೆ ಸಾಕು."

ಹೆಂಡತಿ ಪೊಟ್ಟಣಗಳನ್ನು ಬಿಡಿಸಿ ಕಾರ್ಡು ಹುಡುಕಿಕೊಟ್ಟಳು. ಅವನು ಕ್ಯಾಮೆರಾಕ್ಕೆ ಹಾಕಿದ. ರಬ್ಬರ್ ಪಟ್ಟಿ ಸರಿಸುವಾಗ ಸೆಲ್ಲುಗಳು ಉರುಳಿ ಒಂದು ಕಾರಿನ ಕೆಳಗೆ ಹೋದವು. ಪ್ಲಂಬರ್, ಇಸ್ತ್ರಿಯ ಅಂಗಿ ಸಮೇತ, ಕಾರಿನ ಕೆಳಗೆ ಹೋಗಿ ತಂದ. ಸಭೆಯಲ್ಲಿ ಅವನ ಗೌರವ ಎಷ್ಟು ಹೆಚ್ಚಿತೆಂದು ಬೇರೆ ಹೇಳಬೇಕಾಗಿಲ್ಲ. ಕೊನೆಗೆ ಝೀಂ ಎಂದು ಮೂಗು ಚಾಚಿ ಅದು ಎಚ್ಚರಾಯಿತು. ಅವನು ಗುಂಡಿ ಒತ್ತುತ್ತ ಒತ್ತುತ್ತ ಒಂದು ಫೋಟೋಕ್ಕೆ ಬಂದು ನಿಂತ.

"ಇದೇ ಸರ್, ನಿಮ್ಮ ಬಾತ್‌ರೂಮು."

ಕಾರ್ಯದರ್ಶಿಗಳು ಕನ್ನಡಕ ಏರಿಸಿ ನೋಡಿದರು. ಪೈಪನ್ನಲ್ಲ. ನೇರವಾಗಿ ಮೂಲೆಯ ಅಂಕಿಗಳನ್ನು.

"ಏನಿದು? ಎರಡು ಸಾವಿರದ ಒಂಬತ್ತು, ಜನವರಿ ಒಂದು?"

"ಅದು ಸರ್... ಅದು ಹಂಗೇ ಬರತ್ತೆ."

"ಹಂಗೇ ಬರತ್ತೆ!" ಉಂಗುರ ಮೇಜಿನ ಮೇಲೆ ಟಕ್ ಎಂದಿತು. "ಆಗ ಇಲ್ಲಿ ಕಟ್ಟಡ ಇತ್ತಾ? ಅಡಿಪಾಯ ಇತ್ತಾ? ಖಾಲಿ ಜಾಗ, ಸ್ವಾಮಿ! ಯಾವ್ದೋ ಮನೆ ಫೋಟೋ ತಂದು ನಮ್ಮದು ಅಂತ ತೋರಿಸ್ತೀಯಾ?"

"ಇಲ್ಲ ಸರ್, ಸೆಲ್ ಬಿದ್ರೆ ತಾರೀಕು ಹೋಗತ್ತೆ..."

"ಇನ್ನೊಂದು ತೋರ್ಸು."

ತೋರಿಸಿದ. ಜನವರಿ ಒಂದು. ಇನ್ನೊಂದು. ಜನವರಿ ಒಂದು.

"ನೋಡಿ!" ಕಾರ್ಯದರ್ಶಿಗಳು ಸಭೆಗೆ ತಿರುಗಿದರು. "ನಾಲ್ಕು ಮಹಡಿ ಕಟ್ಟಡದ ಎಲ್ಲಾ ಪೈಪೂ ಇವ್ನು ಒಂದೇ ದಿನದಲ್ಲಿ ಹಾಕಿದಾನೆ. ಅದೂ ಹೊಸವರ್ಷದ ದಿನ, ರಜೆ ಬೇರೆ!"

ಜನ ನಕ್ಕರು. ನನಗೂ ನಗು ಬಂತು, ತಡೆದುಕೊಂಡೆ. ಆ ತಾರೀಕಿಗೆ ಸರಿ ಎಂದು ಗುಂಡಿ ಒತ್ತಿದ ಮಹಾನುಭಾವ ಎರಡನೇ ಸಾಲಿನಲ್ಲಿ ಕೂತಿದ್ದಾನೆಂದು ಅವರಿಗೆ ಗೊತ್ತಿರಲಿಲ್ಲ. ಎದ್ದು ನಿಂತು, "ತಪ್ಪು ನನ್ನದು, ಗಿರಾಕಿಗಳಿದ್ದರು" ಎಂದೆ. "ನೀವು ಪೈಪ್ ಮಾರಿದವರು, ನಿಮ್ಮ ಸಾಕ್ಷಿ ಆಗಲ್ಲ, ಕೂತ್ಕೊಳ್ಳಿ" ಎಂದರು ಕಾರ್ಯದರ್ಶಿಗಳು. ಮೂವತ್ತು ವರ್ಷದಿಂದ ವ್ಯಾಪಾರದಲ್ಲಿರುವವನು ಜೀವನದಲ್ಲಿ ಒಮ್ಮೆ ನಿಜ ಹೇಳಿದರೆ ಸಿಗುವ ಮರ್ಯಾದೆ ಇದು.

ಪ್ಲಂಬರ್‌ನ ಹೆಂಡತಿ ಕನ್ನಡಕದ ಡಬ್ಬಿಯನ್ನು ತೆಗೆಯುವುದು, ಮುಚ್ಚುವುದು ಮಾಡುತ್ತಿದ್ದಳು. ಅರವತ್ತು ಬಾತ್‌ರೂಮುಗಳು ಒಂದೊಂದಾಗಿ ಬಾಗಿಲು ಹಾಕಿಕೊಳ್ಳುವ ಸದ್ದಿನಂತೆ ಅದು ನನಗೆ ಕೇಳಿಸುತ್ತಿತ್ತು. ಅವನು ಮಾತ್ರ ಒಂದೇ ಮಾತು ಹಿಡಿದಿದ್ದ: "ತಾರೀಕು ಸುಳ್ಳು ಸರ್. ಜಾಗ ಸುಳ್ಳಲ್ಲ."

"ದಾಖಲೇಲಿ ತಾರೀಕು ಸುಳ್ಳಾದ್ರೆ ಎಲ್ಲಾನೂ ಸುಳ್ಳೇ" ಎಂದು ಕಾರ್ಯದರ್ಶಿಗಳು ಕ್ಯಾಮೆರಾವನ್ನು ಎತ್ತಿ ಹಿಡಿದರು. "ಎಲ್ಲರೂ ಕಣ್ಣಾರೆ ನೋಡಿ. ಆಮೇಲೆ ಕಾರ್ಯದರ್ಶಿ ಅನ್ಯಾಯ ಮಾಡಿದ ಅಂತ ಯಾರೂ ಅನ್ನಬಾರದು."

ಅವರು ಅಲ್ಲಿಗೇ ನಿಲ್ಲಿಸಿದ್ದರೆ ಗೆದ್ದಿದ್ದರು. ಆದರೆ ಗೆದ್ದದ್ದನ್ನು ನಾಲ್ಕು ಜನ ನೋಡಬೇಕೆಂಬ ಆಸೆ ಯಾರನ್ನು ಬಿಟ್ಟಿದೆ? ಕ್ಯಾಮೆರಾ ಕೈಯಿಂದ ಕೈಗೆ ಹೋಯಿತು. ಎಲ್ಲರೂ ಕಿತ್ತಳೆ ಅಂಕಿ ನೋಡಿ "ಹೌದು ಹೌದು" ಎಂದು ಮುಂದಕ್ಕೆ ದಾಟಿಸಿದರು. ಟೀಚರಮ್ಮನ ಕೈಗೆ ಬಂದಾಗ ಆಕೆ, ವರ್ಷಗಟ್ಟಲೆ ಉತ್ತರಪತ್ರಿಕೆ ತಿದ್ದಿದ ಅಭ್ಯಾಸದಿಂದಲೋ ಏನೋ, ಮೂಲೆ ಬಿಟ್ಟು ಉಳಿದದ್ದನ್ನೂ ನೋಡತೊಡಗಿದರು. ಗುಂಡಿ ಒತ್ತಿ ದೊಡ್ಡದು ಮಾಡಿದರು. ಪಕ್ಕದಲ್ಲಿ ಕೂತಿದ್ದವರು ಕಾರ್ಯದರ್ಶಿಗಳ ಮನೆಯವರು. ಅವರೂ ಬಗ್ಗಿದರು.

"ರೀ" ಎಂದರು ಆಕೆ.

"ಸುಮ್ನಿರೇ, ಸಭೆ ನಡೀತಿದೆ."

"ರೀ, ಇಲ್ಲಿ ಟೇಪ್ ಹಿಡ್ಕೊಂಡಿರೋ ಬೆರಳು ನಿಮ್ಮದಲ್ವಾ?"

ಸಭೆಯ ಕುರ್ಚಿಗಳೆಲ್ಲ ಆಕೆಯ ಕಡೆಗೆ ತಿರುಗಿದವು.

"ಬೆರಳು ಎಲ್ಲರಿಗೂ ಇರತ್ತೆ" ಎಂದರು ಕಾರ್ಯದರ್ಶಿಗಳು.

"ಬೆರಳು ಎಲ್ಲರಿಗೂ ಇರತ್ತೆ. ಈ ಉಂಗುರ ನಮ್ಮಪ್ಪ ನಿಮಗೊಬ್ಬರಿಗೇ ಮಾಡ್ಸಿದ್ದು. ಕಲ್ಲಿನ ಮೂಲೆ ಒಡೆದಿದೆ ನೋಡಿ, ಕಾರಿನ ಬಾಗಿಲಿಗೆ ಸಿಕ್ಕಿಸ್ಕೊಂಡಿದ್ದು. ನಾನು ಎಷ್ಟು ಬೈದಿದ್ದೆ!"

ಇಪ್ಪತ್ತು ಜನರ ನಲವತ್ತು ಕಣ್ಣುಗಳು ಮೇಜಿನ ಮೇಲಿದ್ದ ಬಲಗೈಗೆ ಹೋದವು. ಕೈ ಮೇಜಿನ ಕೆಳಗೆ ಹೋಯಿತು.

ಪ್ಲಂಬರ್ ಕ್ಯಾಮೆರಾ ಇಸಿದುಕೊಂಡು, ಮೊಟ್ಟಮೊದಲ ಸಲ ತನ್ನದೇ ಫೋಟೋದ ಎಡಗಡೆಯನ್ನು ನೋಡಿದ. "ಓ! ಅವತ್ತು ನೀವೇ ಹಿಡಿದಿದ್ರಾ ಸರ್?" ಎಂದ. ಅದರಲ್ಲಿ ವ್ಯಂಗ್ಯವಿರಲಿಲ್ಲ. ವ್ಯಂಗ್ಯ ಅವನಿಗೆ ಬರುವುದಿಲ್ಲ, ಅದಕ್ಕೆ ನನ್ನ ಅಂಗಡಿಗೇ ಬರಬೇಕು.

ಆಗ ಮನೆಯವರಿಗೇ ಎಲ್ಲ ನೆನಪಾಯಿತು. ಮನೆ ಕಟ್ಟುವಾಗ ಇವರು ದಿನಾ ಬೆಳಿಗ್ಗೆ ಬಂದು ಪ್ರತಿಯೊಬ್ಬ ಕೆಲಸದವನ ಹಿಂದೆಯೂ ಅರ್ಧರ್ಧ ಗಂಟೆ ನಿಂತು ಮೇಲ್ವಿಚಾರಣೆ ನಡೆಸುತ್ತಿದ್ದರಂತೆ. ಹಾಗೆ ಹಿಂದೆ ನಿಂತವರಿಗೆ ಪ್ಲಂಬರ್ ಟೇಪು ಹಿಡಿಸದೆ ಬಿಟ್ಟಾನೆಯೇ?

"ಹಾಗಾದ್ರೆ ಇದು ನಿಮ್ಮದೇ ಗೋಡೆ" ಎಂದರು ಟೀಚರಮ್ಮ. "ನಡೀರಿ ಮೇಲೆ. ನನ್ನ ಖಂಡ ದಿನೇ ದಿನೇ ಬೆಳೀತಿದೆ."

ಸಭೆ ಎದ್ದು ಎರಡನೆಯ ಮಹಡಿಗೆ ಹತ್ತಿತು. ಇಬ್ಬರು ನಿಲ್ಲಬಹುದಾದ ಬಾತ್‌ರೂಮಿನಲ್ಲಿ ಆರು ಜನ ನಿಂತೆವು, ಉಳಿದವರು ಮಲಗುವ ಕೋಣೆಯಲ್ಲಿ ಮಂಚ ಹತ್ತಿ ಇಣುಕಿದರು. ಪ್ಲಂಬರ್ ಫೋಟೋ ನೋಡಿದ: ಚೌಕಟ್ಟಿನಿಂದ ಪೈಪಿಗೆ ಎರಡು ಅಡಿ ಏಳು ಇಂಚು. ಟೇಪಿನ ತುದಿಯನ್ನು ನನ್ನ ಕೈಗೆ ಕೊಟ್ಟು, ಎಳೆದು, ಪೆನ್ಸಿಲಿನಿಂದ ಗುರುತು ಹಾಕಲು ಹೋದವನು ಹಾಗೇ ನಿಂತ. ಗುರುತು ಹಾಕಲು ಜಾಗವಿರಲಿಲ್ಲ. ಎರಡು ಅಡಿ ಏಳು ಇಂಚಿನಲ್ಲಿ ಸರಿಯಾಗಿ ಟವೆಲ್ ನೇತುಹಾಕುವ ರಾಡಿನ ಸ್ಕ್ರೂ ಕೂತಿತ್ತು.

"ಈ ರಾಡ್ ನಾನು ಹಾಕಿದ್ದಲ್ಲ" ಎಂದ ಪ್ಲಂಬರ್.

"ಯಾರು ಹಾಕಿದ್ದು?" ಎಂದೆ ನಾನು, ಅಮಾಯಕನಂತೆ.

ಕಾರ್ಯದರ್ಶಿಗಳು ಚಾವಣಿ ನೋಡಿದರು. ಮನೆಯವರು ಅವರನ್ನು ನೋಡಿದರು. "ರಿಟೈರ್ ಆದಾಗ ಆಫೀಸಿನವರು ಡ್ರಿಲ್ಲಿಂಗ್ ಮೆಷಿನ್ ಕೊಟ್ರಲ್ಲ, ಅದು ಬಂದ ಮೇಲೆ ಇವ್ರು ಒಂದು ಗೋಡೇನೂ ಬಿಟ್ಟಿಲ್ಲ. ಹಳೇ ರಾಡ್ ನಾಲ್ಕು ಇಂಚು ಪಕ್ಕದಲ್ಲಿತ್ತು, ಚೆನ್ನಾಗೇ ಇತ್ತು. ಕೈಗೆ ಎಟಕಲ್ಲ ಅಂತ ಹೋದ ತಿಂಗಳು ಕಿತ್ತು ಇಲ್ಲಿ ಹಾಕಿದ್ರು."

"ಸ್ಕ್ರೂ ಪೈಪ್‌ನ ಮುಟ್ಟಿರಲ್ಲ" ಎಂದರು ಕಾರ್ಯದರ್ಶಿಗಳು. "ಬೇಕಾದ್ರೆ ತೆಗೆದು ನೋಡು."

"ಮೊದಲು ಮೇಲಿನ ವಾಲ್ವ್ ಬಂದ್ ಮಾಡ್ಬೇಕು ಸರ್."

"ಕಾಲಹರಣ ಬೇಡ. ತೆಗಿ ಅಂದ್ರೆ ತೆಗಿ."

ಪ್ಲಂಬರ್ ನನ್ನ ಮುಖ ನೋಡಿದ. ನಾನು ಒಂದು ಹೆಜ್ಜೆ ಹಿಂದಕ್ಕೆ ಸರಿದು ನಿಂತೆ. ನಲ್ಲಿ ಮಾರುವವನಿಗೆ ನೀರಿನ ಗುಣ ಗೊತ್ತು. ಅವನು ಸ್ಕ್ರೂ ತಿರುಗಿಸಿದ. ಒಂದು ಸುತ್ತು, ಎರಡು ಸುತ್ತು, ಆರು ಸುತ್ತು. ಏಳನೆಯದಕ್ಕೆ ಗೋಡೆಯೊಳಗಿಂದ ಪಿಚಕಾರಿಯಂತೆ ನೀರು ಚಿಮ್ಮಿ, ಆರು ಜನರಲ್ಲಿ ಸರಿಯಾದ ಮನುಷ್ಯನನ್ನೇ ಹುಡುಕಿಕೊಂಡು ಹೋಗಿ, ಕನ್ನಡಕದಿಂದ ಹೊಟ್ಟೆಯವರೆಗೆ ತೋಯಿಸಿತು.

ಯಾರೂ ನಗಲಿಲ್ಲ. ಅಂದರೆ, ಬಾತ್‌ರೂಮಿನಲ್ಲಿದ್ದವರು ಯಾರೂ ನಗಲಿಲ್ಲ. ಮಂಚದ ಮೇಲಿದ್ದವರ ಜವಾಬ್ದಾರಿ ನನ್ನದಲ್ಲ.

ವಾಲ್ವ್ ಮುಚ್ಚಿ, ಒಂದು ಟೈಲ್ಸ್ ತೆಗೆದು, ತೂತು ಬಿದ್ದ ಅರ್ಧ ಅಡಿ ಪೈಪು ಕತ್ತರಿಸಿ, ಹೊಸ ತುಂಡು ಅಂಟಿಸಿದ. ಪೈಪು ನನ್ನದೇ. ಅದರ ಮೇಲೆ ಮುದ್ರೆಯೊತ್ತಿದ ಕಂಪನಿಯ ಹೆಸರನ್ನು ಸಭೆಗೆಲ್ಲ ತೋರಿಸಿದೆ; ಅಂಥ ಅವಕಾಶ ಬಿಡಬಾರದು. ಅಂಟು ಒಣಗಲು ಒಂದು ಗಂಟೆ ಬೇಕೆಂದ. ಆ ಒಂದು ಗಂಟೆಯಲ್ಲಿ ಕಾರ್ಯದರ್ಶಿಗಳು ಅಂಗಿ ಬದಲಿಸಿ, ಮೇಜಿಗೆ ಕೂತು, ಪತ್ರ ಬರೆದರು. ಮನೆಯವರು ಹಿಂದೆ ನಿಂತು ಓದುತ್ತಿದ್ದರು. "ತೃಪ್ತಿಕರ ಅಂತ ಯಾಕೆ ಬರೀತೀರಿ? ಬಹಳ ಚೆನ್ನಾಗಿದೆ ಅಂತ ಬರೀರಿ" ಎಂಬ ಮಾತು ನಮಗೂ ಕೇಳಿಸಿತು. ಮೇಲೆ ತಾರೀಕು, ಕೆಳಗೆ ಸಹಿ, ನಡುವೆ ಮೂರು ಕಡೆ ಸಂಘದ ಮೊಹರು. ಪ್ಲಂಬರ್‌ನ ಹೆಂಡತಿ ಅದನ್ನು ಎರಡು ಸಲ ಓದಿ, ನಾಲ್ಕು ಮಡಿಕೆ ಮಾಡಿ, ಕನ್ನಡಕದ ಡಬ್ಬಿಗೆ ಹಾಕಿ ಮುಚ್ಚಿದಳು. ಆಮೇಲೆ ಆ ಡಬ್ಬಿ ಸದ್ದು ಮಾಡಲಿಲ್ಲ.

ಅಂಟು ಒಣಗಿತು. ನೀರು ಬಿಟ್ಟು ನೋಡಿದ, ಒಂದು ಹನಿಯೂ ಇಲ್ಲ. ನಾನು ಹೊರಡೋಣ ಎಂದೆ.

"ತಡೀರಿ ಸಾವ್ಕಾರ್ರೇ. ಗೋಡೆ ಮುಚ್ಚೋ ಮುಂಚೆ ಫೋಟೋ ಆಗ್ಬೇಕು."

ರಬ್ಬರ್ ಪಟ್ಟಿ ಸರಿಮಾಡಿಕೊಂಡ. ಕ್ಯಾಮೆರಾ ಝೀಂ ಎಂದಿತು. ಟೇಪು ಎಳೆದು ಸುತ್ತ ನೋಡಿದ. ಹೆಂಡತಿ ಮುಂದೆ ಬಂದಳು. ನಾನೂ ಕೈ ಚಾಚಿದೆ. ಆದರೆ ಬಾಗಿಲ ಚೌಕಟ್ಟಿಗೆ ಹತ್ತಿರ ನಿಂತಿದ್ದವರು ಕಾರ್ಯದರ್ಶಿಗಳು, ಮತ್ತು ಅವನ ಲೆಕ್ಕದಲ್ಲಿ ಹತ್ತಿರ ನಿಂತವರೇ ಕ್ಲಿಪ್ಪು.

"ಸರ್, ಸ್ವಲ್ಪ ತುದಿ ಹಿಡ್ಕೊಳ್ಳಿ."

ಕಾರ್ಯದರ್ಶಿಗಳು ಟೇಪನ್ನು ನೋಡಿದರು, ಕ್ಯಾಮೆರಾ ನೋಡಿದರು, ಮನೆಯವರನ್ನು ನೋಡಿದರು. ಆಮೇಲೆ ಉಂಗುರವನ್ನು ತಿರುಗಿಸಿ ತಿರುಗಿಸಿ ಬಿಚ್ಚಿ, ಜೇಬಿಗೆ ಹಾಕಿಕೊಂಡು, ಬರಿಯ ಬೆರಳಿನಿಂದ ತುದಿಯನ್ನು ಚೌಕಟ್ಟಿಗೆ ಒತ್ತಿ ಹಿಡಿದರು.